ನೋಡದೇ ಪಾಸು ಮಾಡಿದ ಬಾವಿ

ನೌಕರಿ ಏನು ಅಂತ ಯಾರಾದರೂ ಕೇಳಿದರೆ ‘ಸರ್ಕಾರಿ ಕೆಲಸ’ ಅಂತಷ್ಟೇ ಹೇಳಿ ನಾನು ಮಾತು ಬದಲಿಸುತ್ತಿದ್ದೆ. ಬಿಡಿಸಿ ಹೇಳಿದರೆ ನಗುತ್ತಿದ್ದರು. ಊರೂರಿಗೆ ಹೋಗಿ ಬಾವಿಯಿಂದ ಒಂದು ಬಾಟ್ಲಿ ನೀರು ತುಂಬುವುದು, ಬಿರಡೆ ಹಾಕಿ ಚೀಟಿ ಅಂಟಿಸುವುದು, ಬಸ್ಸಿನಲ್ಲಿ ಜಿಲ್ಲೆಯ ಲ್ಯಾಬಿಗೆ ಕಳಿಸುವುದು. ಒಂದು ವಾರಕ್ಕೆ ಲ್ಯಾಬಿನಿಂದ ಕಾರ್ಡು ಬರುತ್ತಿತ್ತು. ನೀರು ಕುಡಿಯಲು ಯೋಗ್ಯವಾಗಿದ್ದರೆ ರಿಜಿಸ್ಟರಿನಲ್ಲಿ ಆ ಬಾವಿಯ ನಂಬರಿನ ಮುಂದೆ ‘ಯೋ’ ಅಂತ ಬರೆಯಬೇಕು, ಅಯೋಗ್ಯವಾಗಿದ್ದರೆ ಪಕ್ಕದ ಅಂಕಣದಲ್ಲಿ ‘ಅ’. ತಿಂಗಳ ಕೊನೆಗೆ ಯೋ ಎಷ್ಟು, ಅ ಎಷ್ಟು ಅಂತ ತಖ್ತೆ ಮಾಡಿ ಮೇಲಕ್ಕೆ ಕಳಿಸಬೇಕು. ಎರಡನ್ನೂ ಕೂಡಿದರೆ ತಾಲ್ಲೂಕಿನ ಒಟ್ಟು ಬಾವಿಗಳಿಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ತಖ್ತೆ ವಾಪಸು, ಬೈಗುಳ ಉಚಿತ. ಎಪ್ಪತ್ತರ ದಶಕದ ನಡುವಿನಿಂದ ಹತ್ತು ಹನ್ನೆರಡು ವರ್ಷ ಸೈಕಲ್ಲಿನ ಹಿಂದೆ ಬಾಟ್ಲಿ ಪೆಟ್ಟಿಗೆ ಕಟ್ಟಿಕೊಂಡು ನಾನು ಇದನ್ನೇ ಮಾಡಿದೆ.

ಮೊದಲು ಹೊನ್ನಾಳಿಯಲ್ಲಿದ್ದೆ. ನನಗೆ ಚಾರ್ಜು ಕೊಟ್ಟವರು ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು, ತುಂಬಾ ಸಾವಧಾನದ ಮನುಷ್ಯ. ಬಾಟ್ಲಿ ಎಣಿಸಿ ಕೊಟ್ಟರು, ರಿಜಿಸ್ಟರು ಕೊಟ್ಟರು, ಬರೆಯುವುದು ಹೇಗೆ ಅಂತ ತೋರಿಸಿದರು. ನಾನು ಸುಮ್ಮನಿರಲಾರದೆ ಒಂದು ಪ್ರಶ್ನೆ ಕೇಳಿದೆ.

“ನೋಡಾಕೆ ಆಗದೇ ಇರೋ ಬಾವಿಗೆ ಏನು ಬರೀಬೇಕ್ರಿ?”

“ಯೋ ಅಂತ ಬರೀರಿ.”

“ನೋಡೇ ಇಲ್ಲಲ್ರಿ?”

“ಕೆಟ್ಟೈತೆ ಅಂತ ಯಾರಾದ್ರೂ ನಿಮಗೆ ಹೇಳ್ಯಾರಾ? ಇಲ್ಲ. ಕೆಟ್ಟಿಲ್ಲ ಅಂದಮ್ಯಾಲೆ ಒಳ್ಳೇದೇ ಅಲ್ವೇನ್ರಿ? ಬೇಕಾದ್ರೆ ಅ ಅಂತ ಬರೆದು ನೋಡ್ರಿ, ಗೊತ್ತಾಗತೈತೆ. ಮೂರು ಪ್ರತಿ ವರದಿ ಬರೀಬೇಕು, ಬ್ಲೀಚಿಂಗ್ ಪೌಡರ್ ಹೊತ್ಕಂಡು ಹೋಗ್ಬೇಕು, ಊರೋರ ಹತ್ರ ಬೈಸ್ಕಬೇಕು.”

“ಖಾಲಿ ಬಿಟ್ರೆ?”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಪಂಚೆ ಉಡದೆ ಆಫೀಸಿಗೆ ಬರಬಹುದಾ ಅಂತ ಕೇಳಿದವನನ್ನು ನೋಡುವ ಹಾಗೆ ನೋಡಿದರು. “ಖಾಲಿನಾ! ಮೊತ್ತ ತಾಳೆ ಆಗಬೇಕಲ್ಲಪ್ಪಾ!” ಅಂದರು. ಅಲ್ಲಿಗೆ ನನ್ನ ತರಬೇತಿ ಮುಗಿಯಿತು.

ಅವರ ರಿಜಿಸ್ಟರನ್ನು ಆಮೇಲೆ ಬಿಡುವಿನಲ್ಲಿ ಓದಿದೆ. ಹೊಳೆ ದಂಡೆಯ ಒಂದು ಊರಿನಲ್ಲಿ ಬಾವಿಯೇ ಇರಲಿಲ್ಲ, ಜನ ಹೊಳೆ ನೀರು ಕುಡಿಯುತ್ತಿದ್ದರು. ಆದರೆ ಊರು ಅಂದಮೇಲೆ ಬಾವಿ ಇರಲೇಬೇಕು, ಬಾವಿಗೆ ನಂಬರು ಇರಲೇಬೇಕು. ಹಾಗಾಗಿ ತುಂಗಭದ್ರೆಗೇ ಒಂದು ನಂಬರು ಕೊಟ್ಟಿದ್ದರು. ‘ಬಾವಿಗೆ ಮುಚ್ಚಳ ಇದೆಯೇ?’ ಎಂಬ ಅಂಕಣದಲ್ಲಿ ‘ದುರಸ್ತಿಯಲ್ಲಿದೆ’ ಅಂತ ದುಂಡಗೆ ಬರೆದಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮುಂದಿನ ತಿಂಗಳು ಅದೇ ಅಂಕಣದಲ್ಲಿ ನಾನೂ ಅದನ್ನೇ ನಕಲು ಮಾಡಿದೆ.

ನೋಡದೇ ಬಿಡಲು ಕಾರಣಗಳಿಗೆ ಬರವಿರಲಿಲ್ಲ. ನ್ಯಾಮತಿಯಲ್ಲಿ ಒಬ್ಬ ವ್ಯಾಪಾರಸ್ಥರ ಹಿತ್ತಲ ಬಾವಿಗೆ ಹೋದರೆ ಅವರ ತಾಯಿ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. “ನಾಕು ತಲೆಮಾರು ಇದೇ ನೀರು ಕುಡಿದೈತೆ. ಸತ್ತೋರೆಲ್ಲ ವಯಸ್ಸಾಗೇ ಸತ್ತಾರೆ. ನೀನೇನು ಪರೀಕ್ಷೆ ಮಾಡ್ತೀಯೋ ಮಾರಾಯ? ಕೂತ್ಕ, ಮಂಡಕ್ಕಿ ತಿನ್ನು” ಅಂದರು. ಮಂಡಕ್ಕಿ ತಿಂದು, ಮಜ್ಜಿಗೆ ಕುಡಿದು, ಖಾಲಿ ಬಾಟ್ಲಿ ಹಿಡಿದು ಬಂದೆ. ಮಂಡಕ್ಕಿ ಗರಿಗರಿಯಾಗಿತ್ತು, ಆದ್ದರಿಂದ ಯೋ. ಆಮೇಲೆ ಚನ್ನಗಿರಿಗೆ ವರ್ಗವಾಯಿತು. ಸೂಳೆಕೆರೆಯ ದಂಡೆಯಲ್ಲಿ ಬಾಟ್ಲಿ ತೆಗೆದರೆ ಮೀನು ಹಿಡಿಯುವವನೊಬ್ಬ ಬಲೆ ಬಿಟ್ಟು ಓಡಿಬಂದ. “ಇಷ್ಟು ದೊಡ್ಡ ಕೆರೆಗೆ ಅಷ್ಟು ಚಿಕ್ಕ ಬಾಟ್ಲಿನಾ ಸಾರ್? ಯಾವ ಕಡೇ ನೀರು ಬೇಕು ಹೇಳ್ರಿ. ಆ ಕಡೇದು ಬ್ಯಾರೆ, ಈ ಕಡೇದು ಬ್ಯಾರೆ” ಅಂದ. ನನಗೂ ಮೂಗಿನ ತುದಿಯಲ್ಲೇ ಕೋಪ. ನೀರಿಗೆ ಕಡೆ ಎಲ್ಲಿರುತ್ತದೆ ಅಂತ ಅವನ ಜೊತೆ ಒಂದು ಗಂಟೆ ವಾದ ಮಾಡಿದೆ. ಬಸ್ಸು ಹೋಯಿತು. ಕೆರೆಗೆ ಯೋ. ಉಬ್ರಾಣಿ ಕಡೆಯ ಒಂದು ಬಾವಿಗೆ ನಾಯಿಯ ದೆಸೆಯಿಂದ ಎರಡು ವರ್ಷ ಹೋಗಲಿಲ್ಲ. ನಾಯಿ ಸತ್ತಿತು ಅಂತ ತಿಳಿದ ಮೇಲೂ ಹೋಗಲಿಲ್ಲ, ಅಷ್ಟರಲ್ಲಿ ಹೋಗುವ ಅಭ್ಯಾಸವೇ ತಪ್ಪಿತ್ತು.

ಈಗ ಬರೆಯುವಾಗ ನಗು ಬರುತ್ತದೆ. ಆಗಲೂ ನಗುತ್ತಿದ್ದೆ. ಎಂಬತ್ತರ ದಶಕದ ಶುರುವಿನಲ್ಲಿ ನನ್ನನ್ನು ಜಗಳೂರಿಗೆ ಹಾಕಿದರು ನೋಡಿ, ಅಲ್ಲಿಂದ ನಗುವುದು ಕಷ್ಟವಾಯಿತು.

ಜಗಳೂರು ತಾಲ್ಲೂಕಿನ ಒಂದು ಊರಿಗೆ ನನ್ನ ಅಕ್ಕನನ್ನು ಕೊಟ್ಟಿತ್ತು. ನನಗಿಂತ ಎಂಟು ವರ್ಷ ದೊಡ್ಡವಳು. ಅವಳ ಗಂಡ, ಅಂದರೆ ನನ್ನ ಭಾವ, ಕೆಟ್ಟ ಮನುಷ್ಯನಲ್ಲ, ಆದರೆ ನಾಲಿಗೆ ಮೇಲೆ ಹಿಡಿತವಿಲ್ಲದವರು. ಅವರ ಮಗಳ ನಾಮಕರಣದ ದಿನ ಪಂಕ್ತಿಯಲ್ಲಿ ಕೂತು ಹೋಳಿಗೆ ಮುರಿಯುತ್ತಿದ್ದೆ. ಭಾವ ತುಪ್ಪದ ಗಿಂಡಿ ಹಿಡಿದು ಬಂದವರು ಎಲ್ಲರಿಗೂ ಕೇಳುವ ಹಾಗೆ, “ನಮ್ಮ ಬಾಮೈದ ಭಾರೀ ಆಫೀಸರ್ ಕಣ್ರಪ್ಪೋ! ಬಾವಿ ಇಣುಕಿ ನೋಡಾಕೆ ಸರ್ಕಾರ ಇವನಿಗೆ ಸಂಬಳ ಕೊಡತೈತೆ” ಅಂದರು. ಪಂಕ್ತಿಯೆಲ್ಲ ಘೊಳ್ಳೆಂದಿತು. ನಾನು ಎಲೆ ಬಿಟ್ಟು ಎದ್ದೆ. ಇನ್ನು ನಿಮ್ಮೂರಿಗೆ ಕಾಲಿಡಲ್ಲ ಅಂದು ಕೈ ತೊಳೆಯದೇ ಬಸ್ಸು ಹತ್ತಿದೆ. ಇದು ನಡೆದ ಎರಡನೇ ವರ್ಷಕ್ಕೆ ನನಗೆ ಜಗಳೂರು ಬಂದದ್ದು.

ರಿಜಿಸ್ಟರಿನಲ್ಲಿ ಅಕ್ಕನ ಊರಿನ ಬಾವಿ ನಲವತ್ತೊಂದನೇ ನಂಬರು. ನಾನು ಹಠ ಬಿಡಲಿಲ್ಲ. ಸುತ್ತಲ ಊರುಗಳಿಗೆಲ್ಲ ಹೋಗುತ್ತಿದ್ದೆ, ಆ ಊರಿನ ಅಡ್ಡದಾರಿ ಬಂದರೆ ಸೈಕಲ್ಲು ನೇರ ಹೊಡೆಯುತ್ತಿದ್ದೆ. ತಿಂಗಳ ಕೊನೆಗೆ ನಲವತ್ತೊಂದರ ಮುಂದೆ ಯೋ ಬರೆದು ರುಜು ಹಾಕುತ್ತಿದ್ದೆ. ನನ್ನ ಹಿಂದಿನವರೂ ಯೋ ಬರೆದಿದ್ದರು, ಅವರ ಹಿಂದಿನವರೂ ಯೋ. ನೋಡದೇ ಬಿಡಲು ಮೊದಲೆಲ್ಲ ನಾಯಿ, ಬಸ್ಸು, ಮಂಡಕ್ಕಿ ಬೇಕಾಗಿತ್ತು. ಇಲ್ಲಿ ನನ್ನ ಕೊಬ್ಬೇ ಸಾಕಾಯಿತು. ಅಕ್ಕನೂ ನನ್ನ ಮನೆ ಕಡೆ ಬರಲಿಲ್ಲ, ಕಾಗದ ಬರೆಯಲಿಲ್ಲ. ಹಠ ಅವಳಿಗೂ ನಮ್ಮಪ್ಪನಿಂದಲೇ ಬಂದದ್ದು. ಅವಳಿಗೆ ಮಂಡಿ ನೋವಂತೆ ಅಂತ ಅವ್ವ ಒಮ್ಮೆ ಹೇಳಿದಳು. ವಯಸ್ಸಾಯ್ತಲ್ಲ ಅಂದುಕೊಂಡೆ. ಅವಳಿಗೆ ಆಗ ನಲವತ್ತೂ ಆಗಿರಲಿಲ್ಲ. ಹೀಗೆ ಮೂವತ್ತೊಂದು ತಿಂಗಳು ಕಳೆಯಿತು.

ಅಷ್ಟರಲ್ಲಿ ನಮ್ಮ ಕೇಂದ್ರ ಕಚೇರಿಗೆ ಕಂಪ್ಯೂಟರ್ ಬಂತು. ಅದನ್ನು ನಾವ್ಯಾರೂ ಕಂಡವರಲ್ಲ, ಸುತ್ತೋಲೆ ಮಾತ್ರ ಕಂಡೆವು. ಇನ್ನು ಮುಂದೆ ಯೋ ಬದಲು 1, ಅ ಬದಲು 2 ಬರೆಯಬೇಕು, ಹಳೆಯ ಮೂರು ವರ್ಷದ ರಿಜಿಸ್ಟರಿಗೂ ಹಾಗೇ ಅಂಕಿ ಹಾಕಿ ನಕಲು ಕಳಿಸಬೇಕು, ಬೇರೆ ಅಂಕಿ ಬರೆದರೆ ಯಂತ್ರ ಸ್ವೀಕರಿಸುವುದಿಲ್ಲ. ಕೈ ನೋಯುವಷ್ಟು 1 ಬರೆದು ಕಳಿಸಿದೆವು. ಮೂರು ವರ್ಷದಲ್ಲಿ ಒಂದು ಸಲವೂ 2 ಬೀಳದ ಬಾವಿ ಎಲ್ಲಿದೆ ಅಂತ ಯಾರೋ ಆ ಯಂತ್ರವನ್ನು ಕೇಳಿದರಂತೆ. ಸ್ವಾಮಿ, ನಿಜವಾಗಿ ನೋಡಿದ ಬಾವಿ ಅಂದಮೇಲೆ ಯಾವುದೋ ಒಂದು ಮಳೆಗಾಲದಲ್ಲಿ ಕೆಟ್ಟೇ ಕೆಡುತ್ತದೆ. ಕಸ ಬೀಳುತ್ತದೆ, ಕಪ್ಪೆ ಸಾಯುತ್ತದೆ. ಮೂರು ವರ್ಷ ಕೆಡದೇ ಇರಬೇಕಾದರೆ ಅದನ್ನು ಯಾರೂ ನೋಡಿರಬಾರದು. ಯಂತ್ರಕ್ಕೆ ಇದೆಲ್ಲ ಏನು ಗೊತ್ತು? ಅಗಲವಾದ ಪಟ್ಟೆಪಟ್ಟೆ ಕಾಗದದ ಮೇಲೆ ಅದು ಅಚ್ಚು ಹಾಕಿ ಕಳಿಸಿತು: ಮೊದಲನೇ ಸ್ಥಾನ, ಜಗಳೂರು ತಾಲ್ಲೂಕು, ಬಾವಿ ನಂಬರ್ ನಲವತ್ತೊಂದು.

ನಮ್ಮ ಮೇಲ್ವಿಚಾರಕರು ಆಫೀಸಿಗೆಲ್ಲ ಪೇಡಾ ಹಂಚಿದರು. “ಏನ್ರೀ, ನಿಮ್ಮ ಬಾವಿ ಫಸ್ಟ್ ಬಂದೈತಲ್ರೀ!” ಅಂತ ನನ್ನ ಬೆನ್ನು ತಟ್ಟಿದರು. ಹತ್ತು ದಿನಕ್ಕೆ ದೊಡ್ಡ ಸಾಹೇಬರು ಖುದ್ದು ಬರುತ್ತಾರೆ, ಬಾವಿಕಟ್ಟೆಗೆ ‘ಮಾದರಿ ಬಾವಿ’ ಎಂಬ ತಗಡಿನ ಫಲಕ ಹಾಕುತ್ತಾರೆ, ಮೊದಲ ಕೊಡ ನೀರು ತಾವೇ ಸೇದುತ್ತಾರೆ. “ನೀವು ನಾಳೇನೇ ಹೋಗಿ ಕಟ್ಟೆಗೆ ಸುಣ್ಣ ಹೊಡಿಸಿ ಬರ್ರಿ” ಅಂದರು. ಪೇಡಾವನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಹಠ ಮುರಿಯಿತಲ್ಲ ಅಂತ ಸಂಕಟವಾಗಿತ್ತು, ಅಷ್ಟೇ. ಬಾವಿಯ ಬಗ್ಗೆ ನನಗೆ ಆಗಲೂ ಅನುಮಾನವಿರಲಿಲ್ಲ ಅಂದರೆ ನಂಬಿ.

ಸುಣ್ಣದ ಪೊಟ್ಟಣ ಹಿಡಿದು ಹೋದೆ. ಹನುಮಪ್ಪನ ಗುಡಿ ಮುಂದೆ ಬಾವಿ ಅಂತ ರಿಜಿಸ್ಟರಿನಲ್ಲಿತ್ತು. ಗುಡಿ ಇತ್ತು, ಹನುಮಪ್ಪ ಇದ್ದ, ಅವನ ಮುಂದೆ ಒಂದು ಹುಲ್ಲಿನ ಬಣವೆ ಇತ್ತು. ಗುಡಿ ಕಟ್ಟೆ ಮೇಲೆ ಕೂತಿದ್ದ ಒಬ್ಬ ಮುದುಕನನ್ನು ಕೇಳಿದೆ.

“ಬಾವಿ ಎಲ್ಲೈತಜ್ಜಾ?”

“ಬಣವೆ ಕೆಳಗೈತೆ.”

“ಬಣವೆ ಕೆಳಗಾ?”

“ಹ್ಞೂಂ. ಕಟ್ಟೆ ಕುಸಿದು ಒಂದು ಎಮ್ಮೆ ಬಿತ್ತು. ಇನ್ನ ಮಕ್ಕಳು ಬಿದ್ದಾವು ಅಂತ ಮಣ್ಣು ಹಾಕಿ ಮುಚ್ಚಿದ್ವಿ. ನಾಕು ವರ್ಷ ಆತು. ನೀವ್ಯಾರು, ಸುಣ್ಣ ಮಾರೋರಾ?”

ನಾನು ಜಗಳೂರಿಗೆ ಬರುವ ಮೊದಲೇ ಸತ್ತ ಬಾವಿಗೆ ಪ್ರತಿ ತಿಂಗಳೂ ಆರೋಗ್ಯವಾಗಿದೆ ಅಂತ ಬರೆದಿದ್ದೆ! ಅಷ್ಟರಲ್ಲಿ ಅಕ್ಕ ಬಂದಳು. ತಲೆ ಮೇಲೆ ಒಂದರ ಮೇಲೊಂದು ಎರಡು ಕೊಡ, ಸೊಂಟದಲ್ಲಿ ಇನ್ನೊಂದು. ಒಂದೂವರೆ ಮೈಲಿ ಆಚೆ ಯಾರದೋ ಹೊಲದ ಬಾವಿಯಿಂದ ತರುತ್ತಿದ್ದಳು, ದಿನಕ್ಕೆ ಎರಡು ಸಲ. ಊರಿನ ಹೆಂಗಸರೆಲ್ಲ ಹಾಗೇ. ಎಡಗಾಲು ಎಳೆದು ಹಾಕುತ್ತಿದ್ದಳು. ನನ್ನನ್ನು ಕಂಡು ನಿಲ್ಲಲಿಲ್ಲ, “ಮನೆಗೆ ಬಾ” ಅಂದು ಮುಂದೆ ಹೋದಳು.

ಮನೆಯಲ್ಲಿ ಟ್ರಂಕು ತೆಗೆದು ಮಡಚಿಟ್ಟ ಮೂರು ಕಾಗದ ನನ್ನ ಮುಂದೆ ಹಾಕಿದಳು. ಊರವರು ಬೋರಿಂಗ್ ಬೇಕು ಅಂತ ಮೂರು ಸಲ ಅರ್ಜಿ ಹಾಕಿದ್ದರು. ಮೂರಕ್ಕೂ ಒಂದೇ ಉತ್ತರ. ‘ಸದರಿ ಗ್ರಾಮದ ಬಾವಿಯ ನೀರು ಪ್ರತಿ ತಿಂಗಳೂ ಪರೀಕ್ಷೆಗೊಳಪಟ್ಟು ಕುಡಿಯಲು ಯೋಗ್ಯವೆಂದು ದೃಢಪಟ್ಟಿರುವುದರಿಂದ ಕೊಳವೆಬಾವಿಯ ಬೇಡಿಕೆಯನ್ನು ಪರಿಗಣಿಸಲಾಗುವುದಿಲ್ಲ.’ ಜೊತೆಗೆ ರಿಜಿಸ್ಟರಿನ ನಕಲು, ಅದರ ಕೆಳಗೆ ನನ್ನ ರುಜು.

“ನಿನ್ನ ರುಜು ನನಗೆ ಗುರುತು ಸಿಗಲ್ಲ ಅಂದ್ಕಂಡ್ಯಾ? ಸ್ಲೇಟಿನ ಮ್ಯಾಲೆ ನಿನ್ನ ಕೈ ಹಿಡಿದು ತಿದ್ದಿಸಿದ್ದು ನಾನೇ” ಅಂದಳು.

“ನನಗ್ಯಾಕೆ ಹೇಳಿ ಕಳಿಸಲಿಲ್ಲಕ್ಕಾ?”

“ಏನಂತ ಹೇಳಿ ಕಳಿಸ್ಲಿ? ನಿಮ್ಮ ಭಾವ ಒಂದು ಮಾತು ಆಡಿದ್ರು ಅಂತ ನೀನು ಬೇಕಂತಲೇ ಹಿಂಗೆ ಬರೀತಿದ್ದೀಯ ಅಂದ್ಕಂಡೆ. ನೀರಿಲ್ದಂಗೆ ಸಾಯ್ಲಿ ಅಂತ ಬರೀತಿದಾನೆ ಅಂದ್ಕಂಡೆ.”

“ಅಯ್ಯೋ ಶಿವನೇ! ಬೇಕಂತ ಬರೆದಿದ್ದಲ್ಲಕ್ಕಾ. ನೋಡದೇ ಬರೆದಿದ್ದು.”

“ಅದು ಇದಕ್ಕಿಂತ ಒಳ್ಳೇದೇನೋ ತಮ್ಮಾ?”

ಎರಡೂವರೆ ವರ್ಷ ನನ್ನ ಅಕ್ಕ ನನ್ನನ್ನು ಅಂಥ ಪಾಪಿ ಅಂತ ನಂಬಿ, ಯಾರ ಹತ್ತಿರವೂ ಆಡಿಕೊಳ್ಳದೆ ನೀರು ಹೊತ್ತಿದ್ದಳು. ಆ ಮೂರು ಕಾಗದ ಮಡಚಿ ಅವಳ ಕೈಗೆ ಕೊಟ್ಟೆ. ಆ ಫಲಕ ಒಂದು ಸಲ ನೆಟ್ಟರೆ ಮುಗಿಯಿತು, ಈ ಊರಿಗೆ ಎಂದೆಂದಿಗೂ ಬೋರಿಂಗ್ ಬರುವುದಿಲ್ಲ ಅಂತ ನನಗೆ ಅರ್ಥವಾಯಿತು. ಬಾಯಿಬಿಟ್ಟರೆ ನನ್ನ ನೌಕರಿ ಹೋಗುತ್ತದೆ ಅಂತಲೂ ಅರ್ಥವಾಯಿತು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು.

ಜಗಳೂರಿಗೆ ಬಂದು ಮೇಲ್ವಿಚಾರಕರಿಗೆ ಬಾವಿಯೇ ಇಲ್ಲ ಅಂದೆ. ಅವರು ಎರಡು ನಿಮಿಷ ಯೋಚನೆ ಮಾಡಿದರು. “ಅಷ್ಟೇನಾ? ಕಟ್ಟೆ ಕಟ್ಟಿಸಿದ್ರಾತು ಬಿಡ್ರಿ” ಅಂದರು. ನಾನು ತಮಾಷೆ ಅಂದುಕೊಂಡೆ. ಮರುದಿನ ಇಟ್ಟಿಗೆ ಗಾಡಿ ಹೊರಟೇಬಿಟ್ಟಿತು. ಗಾರೆಯವನು ಬಣವೆ ಪಕ್ಕದಲ್ಲಿ ಬರೀ ನೆಲದ ಮೇಲೆ ದುಂಡಗೆ ಮೂರಡಿ ಎತ್ತರದ ಕಟ್ಟೆ ಕಟ್ಟಿದ. ಎರಡು ಕಂಬ ನಿಲ್ಲಿಸಿ ಗಡಗಡೆ ಹಾಕಿದರು, ಹಗ್ಗ ಹಾಕಿದರು, ಸುಣ್ಣವೂ ಬಿತ್ತು. ನೋಡಲು ಎಷ್ಟು ಚೆನ್ನಾಗಿತ್ತು ಅಂದರೆ ಪಕ್ಕದ ಊರವರು ಬಂದು, ನಮಗೂ ಇಂಥದ್ದೇ ಬೇಕು ಅಂದರು. ಒಳಗೆ ಇಣುಕಿದರೆ ಕಾಣುತ್ತಿದ್ದದ್ದು ಕಲ್ಲುಮಣ್ಣಿನ ನೆಲ. ಎರಡೇ ದಿನಕ್ಕೆ ಒಂದು ಕೋಳಿ ಅದರೊಳಗೆ ಮೊಟ್ಟೆ ಇಡಲು ಶುರುಮಾಡಿತು.

ಸಾಹೇಬರು ಬಂದರು. ಹಾರ, ಪೇಟ, ವಾದ್ಯ, ಭಾಷಣ ಎಲ್ಲ ಆಯಿತು. ಊರವರು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು, ಸಾಹೇಬರನ್ನು ಖುಷಿಪಡಿಸಿದರೆ ಬೋರಿಂಗ್ ಕೊಟ್ಟಾರು ಅಂತ ಮೇಲ್ವಿಚಾರಕರು ಆಸೆ ತೋರಿಸಿದ್ದರು. ಸಾಹೇಬರು ಕೋಟಿನ ತೋಳು ಮಡಚಿ, ಹೊಸ ಹಿತ್ತಾಳೆ ಕೊಡಕ್ಕೆ ಕುಂಕುಮ ಹಚ್ಚಿ, ಹಗ್ಗ ಬಿಟ್ಟರು. ಠಣ್ ಅಂತು. ಕೋಳಿ ಕೊಕ್ಕೊಕ್ಕೋ ಅಂತ ಸಾಹೇಬರ ಪೇಟದ ಮೇಲಿಂದ ಹಾರಿಹೋಯಿತು. ವಾದ್ಯದವರು ನಿಲ್ಲಿಸಲೋ ಬೇಡವೋ ಅಂತ ತಿಳಿಯದೆ ಒಂದೊಂದೇ ಪೆಟ್ಟು ಹಾಕುತ್ತಿದ್ದರು.

“ನೀರು ಬಹಳ ಮೇಲೇ ಇದೆಯಲ್ಲ?” ಅಂದರು ಸಾಹೇಬರು.

“ಬೇಸಿಗೆ ಸಾರ್. ಸ್ವಲ್ಪ ತಳ ಕಂಡೈತೆ” ಅಂದರು ಮೇಲ್ವಿಚಾರಕರು.

ಜನರ ಹಿಂದೆ ಅಕ್ಕ ನಿಂತಿದ್ದಳು. ಎರಡನೇ ಸಲದ ನೀರು ತಂದು, ಕೊಡ ಇಳಿಸದೆ ಹಾಗೇ ನೋಡುತ್ತಿದ್ದಳು. ಅವಳ ಮುಖ ನೋಡಿದೆ. ಆಮೇಲೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಸಾರ್, ನೋಡಿಲ್ಲ” ಅಂದೆ.

“ಏನು ನೋಡಿಲ್ಲ?”

“ಈ ಬಾವೀನ ನಾನು ಯಾವತ್ತೂ ನೋಡಿಲ್ಲ ಸಾರ್. ಇದು ಮುಚ್ಚಿ ನಾಕು ವರ್ಷ ಆತು. ನಾನು ಮೂವತ್ತೊಂದು ತಿಂಗಳು ನೋಡದೇ ಯೋಗ್ಯ ಅಂತ ಬರೆದೀನಿ. ಈ ಕಟ್ಟೆ ಹೋದ ವಾರ ಕಟ್ಟಿದ್ದು.”

ಸಾಹೇಬರು ಕಟ್ಟೆಯೊಳಗೆ ಬಗ್ಗಿ ನೋಡಿದರು. ಎರಡು ಮೊಟ್ಟೆ ಕಂಡವು. ಬಹಳ ಹೊತ್ತು ಬಗ್ಗಿಯೇ ಇದ್ದರು, ನಗು ತಡೆಯುತ್ತಿದ್ದರೋ ಸಿಟ್ಟು ತಡೆಯುತ್ತಿದ್ದರೋ ದೇವರೇ ಬಲ್ಲ. ಎದ್ದು ನಿಂತು, “ಹಾಗಾದರೆ ಎಲ್ಲವನ್ನೂ ಅಯೋಗ್ಯ ಅಂತ ತಿದ್ದಿ” ಅಂದರು.

“ಅಯೋಗ್ಯನೂ ಅಲ್ಲ ಸಾರ್. ಅಯೋಗ್ಯ ಅನ್ನಾಕೂ ನೋಡಿರಬೇಕಲ್ಲ.”

“ಮತ್ತೇನಂತ ಬರೆಯುತ್ತೀರಿ? ಇರುವುದೇ ಎರಡು ಅಂಕಣ.”

ರಿಜಿಸ್ಟರು ಸಮಾರಂಭಕ್ಕೆಂದು ಅಲ್ಲೇ ಮೇಜಿನ ಮೇಲಿತ್ತು. ಶಾಲೆಯ ಮೇಷ್ಟ್ರ ಹತ್ತಿರ ಸ್ಕೇಲು ಇಸಿದುಕೊಂಡು ಮೂರನೇ ಅಂಕಣಕ್ಕೆ ಗೆರೆ ಎಳೆದೆ. ನಲವತ್ತೊಂದರ ಮುಂದಿದ್ದ ಒಂದೊಂದೇ ಯೋ ಹೊಡೆದು ಹಾಕಿ ‘ನೋಡಿಲ್ಲ’ ಅಂತ ಬರೆಯುತ್ತಾ ಹೋದೆ. ಯಾಕೆ ನೋಡಿಲ್ಲ ಅಂತಲೂ ಬರೆಯಬೇಕು ಅನ್ನಿಸಿತು. ‘ಕಾರಣ: ಭಾವನ ಮೇಲಿನ ಸಿಟ್ಟು’ ಅಂತ ಬರೆದೆ. ಮೂವತ್ತೊಂದು ಸಲ. ಭಾವ ಪಕ್ಕದಲ್ಲೇ ನಿಂತು ಓದಿಕೊಂಡರು. ಓದಿ ಮುಗಿಸಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಮನೆ ಕಡೆ ಹೋದರು.

ಸಾಹೇಬರು ಫಲಕವನ್ನು ಜೀಪಿನಲ್ಲಿ ವಾಪಸು ಹಾಕಿಸಿದರು. ಹೋಗುವ ಮುಂಚೆ, ತಾಲ್ಲೂಕಿನ ಎಲ್ಲ ಬಾವಿಗಳಿಗೂ ಇದೇ ಮೂರನೇ ಅಂಕಣ ಹಾಕಿ ನಿಜ ಬರೆದು ಕಳಿಸಿ ಅಂತ ಅಪ್ಪಣೆ ಮಾಡಿದರು. ಬರೆದೆ. ಅರ್ಧಕ್ಕಿಂತ ಹೆಚ್ಚು ಬಾವಿಗಳು ‘ನೋಡಿಲ್ಲ’ ಆದವು. ಬಸ್ಸಿರಲಿಲ್ಲ, ಬಾಟ್ಲಿ ಒಡೆಯಿತು, ಬಾವಿ ಮನೆಯವರ ಮದುವೆ, ನನ್ನದೇ ಮದುವೆಯ ವಾರ್ಷಿಕ ದಿನ. ಕಾರಣಗಳನ್ನು ಸಾಲಾಗಿ ಓದಿದರೆ ಅದು ನೀರಿನ ವರದಿ ಹೋಗಿ ನನ್ನ ದಿನಚರಿಯ ಹಾಗೆ ಕಾಣುತ್ತಿತ್ತು. ಕಂಪ್ಯೂಟರಿಗೆ ತಲೆ ಕೆಟ್ಟಿತು. ಜಗಳೂರಿನ ಪುಟದ ತುಂಬಾ ಬರೀ ನಕ್ಷತ್ರದ ಗುರುತು ಅಚ್ಚು ಹಾಕಿ ಕಳಿಸಿತು. ‘ನೋಡಿಲ್ಲ ಎಂಬುದು ಫಲಿತಾಂಶವಲ್ಲ’ ಅಂತ ಕೇಂದ್ರ ಕಚೇರಿಯಿಂದ ಪತ್ರ ಬಂತು. ನನಗೆ ಉರಿದುಹೋಯಿತು. ‘ಫಲಿತಾಂಶವಿಲ್ಲ ಎಂದು ತಿಳಿಸಲೆಂದೇ ಹಾಗೆ ಬರೆಯಲಾಗಿದೆ’ ಅಂತ ಉತ್ತರ ಬರೆದೆ. ನಾಲ್ಕು ಪತ್ರ ಹೋಗಿ ಬಂದ ಮೇಲೆ ‘ನೋಡಿಲ್ಲ’ಕ್ಕೆ 3 ಅಂತ ಅಂಕಿ ಕೊಟ್ಟರು. ಎಲ್ಲರಿಗಿಂತ ಮೇಲಿದ್ದ ಜಗಳೂರು ಎಲ್ಲರಿಗಿಂತ ಕೆಳಕ್ಕೆ ಬಿತ್ತು. ಮೇಲ್ವಿಚಾರಕರು ನನ್ನ ಜೊತೆ ಮಾತು ಬಿಟ್ಟರು. ನನಗೆ ಕಾರಣ ಕೇಳಿ ನೋಟಿಸು ಬಂತು, ಬಡ್ತಿ ನಿಂತಿತು, ಹೇಗೋ ನೌಕರಿ ಉಳಿಯಿತು.

ಆದರೆ ನಲವತ್ತೊಂದರ ಮುಂದೆ ಈಗ 3 ಇತ್ತು. ಊರವರ ನಾಲ್ಕನೇ ಅರ್ಜಿಗೆ ‘ಯೋಗ್ಯವೆಂದು ದೃಢಪಟ್ಟಿರುವುದರಿಂದ’ ಅಂತ ಬರೆಯಲು ಯಾರಿಗೂ ಸಾಧ್ಯವಾಗಲಿಲ್ಲ. ಆರು ತಿಂಗಳಿಗೆ ಬೋರಿಂಗ್ ಗಾಡಿ ಬಂತು. ನೀರೂ ಬಿತ್ತು. ಕೈಪಂಪಿಗೆ ಹಾರ ಹಾಕಿ, ಕಾಯಿ ಒಡೆದು, ಊರಿಗೆ ಊರೇ ಕುಣಿಯಿತು. ಭಾವ ನನ್ನನ್ನು ತಬ್ಬಿಕೊಂಡು ಅತ್ತರು, ನಾನೂ ಅತ್ತೆ. ಆಮೇಲೆ ಪೆಟ್ಟಿಗೆ ತೆಗೆದು ಒಂದು ಬಾಟ್ಲಿ ನೀರು ತುಂಬಿದೆ. “ಲ್ಯಾಬಿಂದ ಕಾರ್ಡು ಬರೋ ತನಕ ಇದನ್ನ ಕುಡೀಬ್ಯಾಡ್ರಿ. ಇದು ಒಳ್ಳೇದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ” ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಳನೀರಿನಂಥ ನೀರು ಕಣ್ಣಮುಂದೆ ಸುರಿಯುತ್ತಿದ್ದರೆ ಇವನೊಬ್ಬ ಬಂದ ಅಂದರು. ಅಲ್ಲೇ ಬೊಗಸೆ ಹಿಡಿದು ಕುಡಿದರು.

ಒಂಬತ್ತನೇ ದಿನ ಲ್ಯಾಬಿನಿಂದ ಸುದ್ದಿ ಬಂತು. ಬಸ್ಸಿನಲ್ಲಿ ಯಾರೋ ನನ್ನ ಬಾಟ್ಲಿಯ ಮೇಲೆ ಕುಂಬಳಕಾಯಿ ಮೂಟೆ ಇಟ್ಟಿದ್ದರು, ಬಾಟ್ಲಿ ಒಡೆದಿತ್ತು. ನನ್ನ ಹಳೇ ಕೈ ತುರಿಸಿತು. ಒಂಬತ್ತು ದಿನದಿಂದ ಊರೆಲ್ಲ ಕುಡಿಯುತ್ತಿದೆ, ಯಾರಿಗೂ ಏನೂ ಆಗಿಲ್ಲ, ಒಂದು 1 ಹಾಕಿಬಿಡು ಅಂತು. ಬೈದುಕೊಂಡು 3 ಬರೆದೆ. ಇನ್ನೊಂದು ಬಾಟ್ಲಿ ತುಂಬಲು ಸೈಕಲ್ಲು ಹತ್ತಿ ಹೊರಟೆ.

ಊರ ಬಾಗಿಲಲ್ಲೇ ಅಕ್ಕ ಎದುರಾದಳು. ತಲೆ ಮೇಲೆ ಎರಡು ಕೊಡ, ಸೊಂಟದಲ್ಲಿ ಒಂದು. ಒಂದೂವರೆ ಮೈಲಿ ಆಚೆಯ ಹೊಲದ ಬಾವಿಯಿಂದ ಬರುತ್ತಿದ್ದಳು. ಅವಳ ಪಕ್ಕದಲ್ಲೇ ಕೈಪಂಪು, ಸುತ್ತ ಹೆಂಗಸರು ಕೊಡ ತುಂಬುತ್ತಾ ಅವಳನ್ನು ನೋಡಿ ನಗುತ್ತಿದ್ದರು. ಒಂಬತ್ತು ದಿನದಿಂದ ಹೀಗೇ ನಗುತ್ತಿದ್ದರಂತೆ.

“ಅಕ್ಕಾ, ನೀನ್ಯಾಕೆ ಇನ್ನೂ ಅಲ್ಲಿಂದ ತರ್ತಿದ್ದೀಯ?”

“ನೀನೇ ಹೇಳಿದ್ಯಲ್ಲ, ಕಾರ್ಡು ಬರೋ ತನಕ ಕುಡೀಬ್ಯಾಡ್ರಿ ಅಂತ. ಬಂತಾ ಕಾರ್ಡು?”

“ಇಲ್ಲ. ಬಾಟ್ಲಿ ಒಡೆದೋತು. ಇನ್ನೊಂದು ಕಳಿಸ್ಬೇಕು. ಅಕ್ಕಾ, ಎಲ್ರೂ ಕುಡೀತಿದಾರೆ, ಏನೂ ಆಗಲ್ಲ, ನೀನೂ ಕುಡಿ.”

“ಲ್ಯಾಬಿನೋರು ನೋಡಿದ್ರಾ?”

“ಇಲ್ಲ.”

“ಮತ್ತೆ?” ಅಂದು ಕಾಲೆಳೆಯುತ್ತಾ ಪಂಪಿನ ಪಕ್ಕದಲ್ಲೇ ದಾಟಿಕೊಂಡು ಮನೆಗೆ ಹೋದಳು.

ಎರಡನೇ ಬಾಟ್ಲಿಯನ್ನು ನಾನು ಬಸ್ಸಿನವರ ಕೈಗೆ ಕೊಡಲಿಲ್ಲ. ತೊಡೆ ಮೇಲೆ ಇಟ್ಟುಕೊಂಡು ಜಿಲ್ಲೆಗೆ ಹೋಗಿ ಲ್ಯಾಬಿನವರ ಮೇಜಿನ ಮೇಲೆ ಇಟ್ಟೆ. ಕಾರ್ಡು ಬರುವವರೆಗೆ ಮತ್ತೆ ಎಂಟು ದಿನ ಹಿಡಿಯಿತು, ಆ ಎಂಟು ದಿನವೂ ಅವಳು ಹೊತ್ತಳು. ಕಾರ್ಡು ಕೈಗೆ ಬಂದ ತಕ್ಷಣ ಊಟ ಬಿಟ್ಟು ಸೈಕಲ್ಲು ತುಳಿದೆ. ಅಕ್ಕ ಹೊಲದ ದಾರಿ ಹಿಡಿಯಲು ಖಾಲಿ ಕೊಡ ಎತ್ತಿಕೊಳ್ಳುತ್ತಿದ್ದಳು. ಯೋಗ್ಯ ಅಂತ ಬಂದೈತಕ್ಕಾ ಅಂದೆ. ಕಾರ್ಡು ಇಸಿದುಕೊಂಡು ಎರಡು ಸಲ ಓದಿದಳು. ಕೆಳಗಿನ ರುಜು ಬೆರಳಿಟ್ಟು ನೋಡಿದಳು, ಅದು ನನ್ನದಾಗಿರಲಿಲ್ಲ. ಆಮೇಲೆ ಪಂಪಿನ ಹತ್ತಿರ ಹೋಗಿ ಒಂದು ತಂಬಿಗೆ ನೀರು ಹೊಡೆದು ನನ್ನ ಕೈಗೆ ಕೊಟ್ಟಳು.

“ಮೊದ್ಲು ನೀನು ಕುಡಿ” ಅಂದಳು.

ಕುಡಿದೆ. ತಂಬಿಗೆ ಖಾಲಿಯಾಗುವವರೆಗೂ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ತನ್ನ ಕೊಡವನ್ನು ಪಂಪಿನ ಕೆಳಗೆ ಇಟ್ಟಳು.